ಲೆನ್ಸ್ ಒರೆಸುವ ಮುನ್ನ

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡಲು ಬಗ್ಗುತ್ತಾರೆ. ಮತ್ತೆ ನೆಟ್ಟಗಾಗುವಾಗ ಅವರ ಕಣ್ಣು ಸೀದಾ ಒಂದು ಬಾಟಲಿಯ ಮೇಲೆ ಬೀಳುತ್ತದೆ. ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲ್ಯಾಟುಗಳನ್ನು ನೋಡಿದವರಿಗೆ ಗೊತ್ತು, ಬಾಗಿಲು ತೆರೆದರೆ ಮೊದಲು ಸಿಗುವುದು ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿ. ಆ ಓಣಿಯಲ್ಲಿ ಚಪ್ಪಲಿ ಗೂಡು, ಗೂಡಿನ ಮೇಲೆ ಬೀಗವಿರುವ ಒಂದು ಪುಟ್ಟ ಗಾಜಿನ ಕಪಾಟು, ಅದರೊಳಗೆ ಅಂಗೈಯುದ್ದದ ಕಂದು ಬಾಟಲಿ. ಒಳಗಿರುವುದು ಐಸೊಪ್ರೊಪೈಲ್ ಆಲ್ಕೋಹಾಲ್, ಕ್ಯಾಮೆರಾದ ಲೆನ್ಸ್ ಒರೆಸುವುದಕ್ಕೆ. ಬೇಗ ಬೆಂಕಿ ಹಿಡಿಯುವ ಪದಾರ್ಥವಾದ್ದರಿಂದ ಅದಕ್ಕೆ ಅಡುಗೆಮನೆಯ ಪ್ರವೇಶವಿಲ್ಲ.

ಬಂದವರು ದಿಟ್ಟಿಸುವುದು ಒಳಗಿನ ದ್ರವವನ್ನಲ್ಲ, ಹೊರಗಿನ ಬರಹವನ್ನು. ಕೆಂಪು ಅಕ್ಷರ, ಅಕ್ಷರಕ್ಕೆ ಹಳದಿ ನೆರಳು, ನೆರಳಿಗೆ ಕಪ್ಪು ಅಂಚು, ಎಡಕ್ಕೊಂದು ಬಲಕ್ಕೊಂದು ಕಮಲ. ಹೆದ್ದಾರಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು, ದಾರಿ ಬಿಡಲಿ ಎಂದು ಕಾಯುತ್ತ, ಬೇರೆ ಕೆಲಸವಿಲ್ಲದೆ ಅದರ ಬೆನ್ನನ್ನು ಓದಿದ ಎಲ್ಲರಿಗೂ ಈ ಅಕ್ಷರದ ಜಾತಕ ತಕ್ಷಣ ತಿಳಿಯುತ್ತದೆ.

"ಇದೇನ್ರೀ, ಔಷಧಿ ಬಾಟಲಿಗೆ ಲಾರಿ ಪೇಂಟಿಂಗ್ ಮಾಡಿಸಿದ್ದೀರಾ?" ಎನ್ನುತ್ತಾರೆ.

ಅಲ್ಲಿ ಬರೆದಿರುವುದೇನು ಎಂದು ಈಗಲೇ ಹೇಳಿಬಿಟ್ಟರೆ ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತೀರಿ. ಸ್ವಲ್ಪ ಒಳಗೆ ಬನ್ನಿ. ಕಾಫಿ ಕುಡಿಯುತ್ತ ಹೇಳುತ್ತೇನೆ.

ನಾನು ಕತಾರಿನ ಗ್ಯಾಸ್ ಊರಾದ ರಾಸ್ ಲಫಾನ್‌ನಲ್ಲಿ ಒಂದು ಲ್ಯಾಬಿನ ಕೆಮಿಸ್ಟ್. ನೆಲದಡಿಯಿಂದ ಬಂದ ಗ್ಯಾಸು ಎಷ್ಟು ಶುದ್ಧ, ಅದರಲ್ಲಿ ಗಂಧಕ ಎಷ್ಟು, ತೇವ ಎಷ್ಟು ಎಂದು ನೋಡಿ ಹೇಳುವುದು ನನ್ನ ಕೆಲಸ. ಊರಿನಲ್ಲಿ ನನ್ನ ಅವ್ವ ಇದನ್ನು "ನನ್ ಮಗಳು ಗ್ಯಾಸ್ ಕಂಪ್ನೀಲಿ ದೊಡ್ಡ ಕೆಲ್ಸದಾಗವಳೆ" ಎಂದು ಬೀದಿಯುದ್ದಕ್ಕೂ ಸಾರಿಬಿಟ್ಟಿರುವುದರಿಂದ, ಶಿರಾದಲ್ಲಿ ಅಡುಗೆ ಸಿಲಿಂಡರ್ ಬರುವುದು ತಡವಾದರೆ ಇವತ್ತಿಗೂ ನನಗೆ ಫೋನು ಬರುತ್ತದೆ. "ಸ್ವಲ್ಪ ಹೇಳವ್ವ ನಿಮ್ಮೋರಿಗೆ" ಎಂದು ಬೇಡಿಕೊಳ್ಳುತ್ತಾರೆ. ನಾನೂ "ಹೇಳ್ತೀನಿ" ಎನ್ನುತ್ತೇನೆ. ಒಂದೆರಡು ದಿನದಲ್ಲಿ ಸಿಲಿಂಡರ್ ಹೇಗೂ ಬಂದೇ ಬರುತ್ತದೆ, ನನ್ನ ಮರ್ಯಾದೆ ಇನ್ನೂ ಒಂದು ಮೆಟ್ಟಿಲು ಏರುತ್ತದೆ.

ಲ್ಯಾಬಿನಲ್ಲಿ ಬೆರಳಿನಷ್ಟು ದಪ್ಪದ ಗಾಜಿನ ಪುಟ್ಟ ಪೆಟ್ಟಿಗೆಗಳಿವೆ. ದ್ರವ ತುಂಬಿ, ಬೆಳಕು ಹಾಯಿಸಿ ಅಳೆಯುತ್ತೇವೆ. ಆ ಗಾಜಿನ ಮೇಲೆ ಒಂದು ಬೆರಳ ಗುರುತಿದ್ದರೆ ಸಾಕು, ಯಂತ್ರ ನಾಚಿಕೆಯಿಲ್ಲದೆ ಸುಳ್ಳು ಹೇಳುತ್ತದೆ. ಹೀಗಾಗಿ ಗಾಜು ಕಂಡರೆ ಬೆಳಕಿಗೆ ಹಿಡಿದು ನೋಡುವ ಚಾಳಿ ನನಗೆ ಅಂಟಿಬಿಟ್ಟಿದೆ. ಹೋಟೆಲಿನಲ್ಲಿ ಲೋಟವನ್ನು ದೀಪಕ್ಕೆ ಹಿಡಿದು ತಿರುಗಿಸುತ್ತ ಕೂತರೆ ಗಂಡ ಮಹೇಶ್ ಮೇಜಿನ ಕೆಳಗೆ ಕಾಲು ಒತ್ತುತ್ತಾರೆ. "ಇಳಿಸೇ. ಅವರು ಅದರಲ್ಲಿ ಬೆಳಕು ಅಳೆಯಲ್ಲ, ಲಸ್ಸಿ ಹಾಕ್ತಾರೆ."

ಮಹೇಶ್ ಮೈಸೂರಿನವರು, ಇಲ್ಲಿ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ. ಚಾಳಿಯನ್ನು ಸಹಿಸಿಕೊಂಡಿದ್ದಾರೆ. ಅದನ್ನು ವಿದ್ಯೆಯೆಂದು ಕರೆದು ಊರಿಗೆಲ್ಲ ಹಬ್ಬಿಸಿದವನು ಮಾತ್ರ ಮೇಲಿನ ಮಹಡಿಯ ಸ್ಟ್ಯಾನಿ. ಅವನು ಕರಾವಳಿಯ ಶಿರ್ವದವನು. ವಾರವೆಲ್ಲ ಆಫೀಸಿನಲ್ಲಿ ಗುಮಾಸ್ತ, ಶುಕ್ರವಾರ ಬಂತೆಂದರೆ ಫೋಟೋಗ್ರಾಫರ್. ದೋಹಾದ ಕನ್ನಡಿಗರ ನಾಮಕರಣ, ಹುಟ್ಟುಹಬ್ಬ, ಕ್ರಿಸ್ಮಸ್ಸು, ಗಣಪತಿ ಹಬ್ಬ ಯಾವುದೂ ಅವನ ಕ್ಯಾಮೆರಾ ಇಲ್ಲದೆ ಮುಗಿಯುವುದಿಲ್ಲ. ಅವನು ಮೊದಲ ಸಲ ಬಾಗಿಲು ತಟ್ಟಿದಾಗ ಕೈಯಲ್ಲಿ ಲೆನ್ಸಿತ್ತು.

"ಮಂಜುಳಕ್ಕ, ನೀವು ಕೆಮಿಸ್ಟ್ ಅಲ್ವಾ? ಇದನ್ನೊಮ್ಮೆ ನೋಡಿ ಮಾರಾಯ್ರೆ. ಎಷ್ಟು ಒರೆಸಿದ್ರೂ ಮಂಜು ಮಂಜೇ ಉಂಟು."

"ಯಾವುದರಲ್ಲಿ ಒರೆಸಿದೆ?"

"ಅಂಗಿಯಲ್ಲಿ."

"ಯಾವ ಅಂಗಿ?"

"ಇದೇ ಅಂಗಿ."

ಅಂಗಿಯ ತುದಿಯನ್ನು ಎತ್ತಿ ನೋಡಿದೆ. ಮೀನು ಗಸಿಯ ಒಂದು ಹಳದಿ ಗೆರೆ ಇತ್ತು. "ಮಂಜಲ್ಲ ಸ್ಟ್ಯಾನಿ, ಮಸಾಲೆ" ಎಂದೆ. ಅವತ್ತಿನಿಂದ ಅವನ ಬಾಯಲ್ಲಿ ನಾನು ಲೆನ್ಸ್ ಡಾಕ್ಟರಮ್ಮ.

ಆಮೇಲೆ ರೋಗಿಗಳ ಸಾಲು. ದೋಹಾದ ಧೂಳು ನೋಡಲು ಪೌಡರಿನಷ್ಟು ನಯ, ಉಜ್ಜಿದರೆ ಮರಳು ಕಾಗದ. ಬೇಸಿಗೆಯಲ್ಲಿ ಎ.ಸಿ. ಕಾರಿನಿಂದ ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಲೆನ್ಸಿಗೆ ಆವಿ ಕಟ್ಟುತ್ತದೆ. ಸುಮ್ಮನೆ ಕಾದರೆ ತಾನೇ ಹೋಗುವ ಆವಿ ಅದು. ನಮ್ಮವರು ಕಾಯುತ್ತಾರೆಯೇ? ಕರ್ಚೀಫು ತೆಗೆದು, ಆವಿಯ ಜೊತೆ ಧೂಳನ್ನೂ ಸೇರಿಸಿ, ಹಿತ್ತಾಳೆ ಚೊಂಬು ಬೆಳಗಿದ ಹಾಗೆ ಬೆಳಗುತ್ತಾರೆ. ಒಬ್ಬರು ಅರಬರು ಮೈಗೆ ಹಚ್ಚುವ ಊದ್ ಅತ್ತರು ಹಚ್ಚಿ ಒರೆಸಿದ್ದರು. ಲೆನ್ಸು ಮಂಕು, ಆದರೆ ಎಂಥ ಘಮ! ಎಲ್ಲರಿಗೂ ನನ್ನದು ಒಂದೇ ಪಾಠ: ಮೊದಲು ಗಾಳಿ, ಆಮೇಲೆ ಬ್ರಷ್ಷು, ಆಮೇಲೆ ಬಟ್ಟೆ, ಇವು ಮೂರೂ ಸೋತರೆ ಮಾತ್ರ ದ್ರವ. ಆ ದ್ರವವನ್ನೂ ಬಟ್ಟೆಗೆ ಹಾಕಬೇಕು, ಗಾಜಿನ ಮೇಲೆ ಸುರಿಯಬಾರದು. ಸುರಿದರೆ ಅದು ಅಂಚಿನಿಂದ ಒಳಗಿಳಿದು ಲೆನ್ಸಿನ ಹೊಟ್ಟೆ ಸೇರುತ್ತದೆ.

ಮದೀನತ್ ಖಲೀಫಾ ಬಡಾವಣೆಯಿಂದ ಬಂದ ಒಬ್ಬ ಗೆಳತಿ ಮಾತ್ರ ನನ್ನ ಬಾಯಿ ಮುಚ್ಚಿಸಿದಳು. ಉಗುರುಬಣ್ಣ ತೆಗೆಯುವ ದ್ರವದಿಂದ ಫಿಲ್ಟರ್ ತೊಳೆದಿದ್ದಳು. ಲೆನ್ಸಿನ ಮುಂದೆ ತಿರುಗಿಸಿ ಕೂರಿಸುತ್ತಾರಲ್ಲ, ಆ ಬಿಲ್ಲೆ. ಅವಳದು ಪ್ಲಾಸ್ಟಿಕ್ಕಿನದು. ಕಾಯಿಸಿ ಆರಿಸಿದ ಹಾಲಿನ ಕೆನೆಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿತ್ತು. "ಇದನ್ನ ಸರಿ ಮಾಡ್ಕೊಡೇ" ಎಂದಳು. ಅದು ಸರಿಯಾಗುವಂಥದಲ್ಲ. ನಗುವವಳಿದ್ದೆ, ನಗಲಾಗಲಿಲ್ಲ. ಅಪ್ಪನ ಕನ್ನಡಕ ನೆನಪಾಗಿಬಿಟ್ಟಿತು.

ಅಪ್ಪನ ಹೆಸರು ರಂಗಣ್ಣ. ಶಿರಾದ ಹೆದ್ದಾರಿ ಬದಿಯಲ್ಲಿ ತಗಡಿನ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಬಳಿದು, ಹೆಸರು ಬರೆದು ನಮ್ಮನ್ನು ಸಾಕಿದವನು. ಹುಲಿ, ನವಿಲು, ಮಾಲೀಕನ ಮಗಳ ಹೆಸರು, ಊರ ದೇವರ ಹೆಸರು, ಹಾರ್ನ್ ಮಾಡಿ ಎನ್ನುವ ವಿನಂತಿ. ಬರೆದದ್ದೆಲ್ಲದರ ಮೂಲೆಯಲ್ಲಿ ಕಡಲೆಕಾಳಿನಷ್ಟು ಗಾತ್ರದಲ್ಲಿ "ರಂಗಣ್ಣ ಆರ್ಟ್ಸ್, ಶಿರಾ". ಆರ್ಟ್ಸ್ ಎಂದರೆ ಅಪ್ಪ ಒಬ್ಬನೇ.

ಬೇರೆ ಮಕ್ಕಳು ಅಪ್ಪ ಬಂದದ್ದನ್ನು ಚಪ್ಪಲಿ ಸದ್ದಿನಿಂದ ತಿಳಿದರೆ ನಾನು ಬಣ್ಣ ತೆಳುಮಾಡುವ ಥಿನ್ನರ್ ವಾಸನೆಯಿಂದ ತಿಳಿಯುತ್ತಿದ್ದೆ. ಅಪ್ಪನಿಗೆ ಥಿನ್ನರ್ ಎಂದರೆ ಸೋಪು, ಔಷಧಿ, ತೀರ್ಥ ಎಲ್ಲ. ಹೆಗಲ ಮೇಲೆ ಸದಾ ಥಿನ್ನರಿನಲ್ಲಿ ನೆಂದ ಬಟ್ಟೆ. ಕೈಯನ್ನೂ ಅದರಲ್ಲೇ ಒರೆಸುತ್ತಿದ್ದ, ಸೈಕಲ್ ಬೆಲ್ಲನ್ನೂ, ಗಡಿಯಾರದ ಮುಖವನ್ನೂ. ನನ್ನ ಸ್ಕೂಲ್ ಬ್ಯಾಗಿನ ಎಣ್ಣೆ ಕಲೆಯನ್ನು ಒಮ್ಮೆ ಒರೆಸಿಕೊಟ್ಟ. ಕಲೆಯ ಜೊತೆ ಬ್ಯಾಗಿನ ಮೇಲಿದ್ದ ಬಾತುಕೋಳಿಯೂ ಹೋಯಿತು. "ಕಲೆ ಹೋಯ್ತೋ ಇಲ್ವೋ?" ಎಂದು ನನ್ನನ್ನೇ ಗದರಿದ.

ನಮ್ಮದು ಒಂದೇ ಕೋಣೆಯ ಮನೆ. ಓದಲು ಜಾಗವಿಲ್ಲ ಎಂದು ಅತ್ತರೆ ಅಪ್ಪ ಬಣ್ಣಕ್ಕೆ ಬಂದು ನಿಂತ ಲಾರಿಯ ಕ್ಯಾಬಿನ್ನಿಗೆ ಎತ್ತಿ ಕೂರಿಸುತ್ತಿದ್ದ. ಅದಕ್ಕಿಂತ ಒಳ್ಳೆಯ ಓದುವ ಕೋಣೆ ನನಗೆ ಆಮೇಲೆ ಯಾವ ಹಾಸ್ಟೆಲಿನಲ್ಲೂ ಸಿಗಲಿಲ್ಲ. ಮೆತ್ತನೆ ಸೀಟು, ಎದುರಿಗೆ ದೊಡ್ಡ ಗಾಜು, ಪುಸ್ತಕ ಇಡಲು ಸ್ಟೀರಿಂಗು. ಒಂದೇ ತೊಂದರೆ, ಒಳಗೆ ಹತ್ತಿದ ಮೇಲೆ ಅಪ್ಪ ಬಾಗಿಲಿಗೆ ಬಣ್ಣ ಹೊಡೆದುಬಿಡುತ್ತಿದ್ದ. ಒಣಗುವವರೆಗೆ ಮುಟ್ಟುವ ಹಾಗಿಲ್ಲ, ಇಳಿಯುವ ಹಾಗಿಲ್ಲ. ಎಷ್ಟೋ ಪಾಠಗಳನ್ನು ನಾನು ಆಸಕ್ತಿಯಿಂದ ಓದಿದವಳಲ್ಲ, ಇನಾಮೆಲ್ ಬಣ್ಣ ಒಣಗಲಿಲ್ಲವೆಂದು ಓದಿದವಳು. ನನ್ನ ಕೋಣೆಯ ನಂಬರ್ ಪ್ಲೇಟು ವಾರಕ್ಕೊಮ್ಮೆ ಬದಲಾಗುತ್ತಿತ್ತು.

ಕನ್ನಡಕ ಬಂದದ್ದು ಆ ಕಾಲದಲ್ಲೇ. ಊರಿನಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಅಪ್ಪನಿಗೊಂದು ಸಿಕ್ಕಿತು. ಹಾಕಿಕೊಂಡು ಬಂದು ಅವ್ವನನ್ನು ನೋಡಿ "ನಿನ್ ಮೂಗುತಿಲಿ ಮೂರು ಹರಳು ಐತೇನೇ?" ಎಂದು ಕೇಳಿದ. ಒಂದು ವಾರ ಎಲ್ಲವನ್ನೂ ಹೊಸದಾಗಿ ನೋಡಿದ. ಆಮೇಲೆ ಒಂದು ದಿನ ಅದರ ಮೇಲೆ ಹಸಿರು ಬಣ್ಣದ ಹನಿ ಸಿಡಿಯಿತು. ಅಪ್ಪ ಯೋಚಿಸಲೇ ಇಲ್ಲ, ಹೆಗಲ ಬಟ್ಟೆಯಿಂದ ಒರೆಸಿದ.

ಹಸಿರು ಹೋಯಿತು, ಅದರ ಜೊತೆ ಜಗತ್ತೂ ಹೋಯಿತು. ಕನ್ನಡಕಕ್ಕೆ ಮೋಡ ಕವಿಯಿತು. ಅಪ್ಪ ಯಾರಿಗೂ ಹೇಳಲಿಲ್ಲ. ಏನೂ ಆಗದವನಂತೆ ಆ ಮೋಡವನ್ನೇ ಮೂಗಿನ ಮೇಲಿಟ್ಟುಕೊಂಡು ಕೆಲಸ ಮುಂದುವರಿಸಿದ. ಗುಟ್ಟು ರಟ್ಟು ಮಾಡಿದ್ದು ಒಂದು ಹುಲಿ. ಲಾರಿಯ ಹಿಂಬಾಗಿಲಿನ ಮೇಲೆ ಬರೆದ ಅದರ ಒಂದು ಕಣ್ಣು ತುಮಕೂರು ನೋಡಿದರೆ ಇನ್ನೊಂದು ಚಿತ್ರದುರ್ಗ ನೋಡುತ್ತಿತ್ತು. ಡ್ರೈವರ್ ಬಂದು ನಿಂತು, ತಲೆ ಓರೆ ಮಾಡಿ, "ರಂಗಣ್ಣೋ, ಇದು ಯಾರನ್ನ ತಿನ್ನಕೆ ಹೊಂಟೈತೆ? ಎಲ್ ನಿಂತ್ರೂ ನನ್ನ ಬಿಟ್ಟು ಬ್ಯಾರೆಯವ್ರನ್ನೇ ನೋಡ್ತೈತಲ್ಲ!" ಎಂದ. ಶೆಡ್ಡಿನವರೆಲ್ಲ ನಕ್ಕರು. ಅಪ್ಪ ಬ್ರಷ್ಷು ಕೆಳಗಿಟ್ಟು ಒಳಗೆ ಹೋಗಿ ಬಣ್ಣದ ಡಬ್ಬಿಯ ಮೇಲೆ ಕೂತ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ಆ ಕೂತ ಭಂಗಿಯನ್ನು ನಾನು ಲಾರಿಯ ಗಾಜಿನೊಳಗಿಂದ ನೋಡಿದೆ. ಬಾಗಿಲ ಬಣ್ಣ ಒಣಗಿರಲಿಲ್ಲ, ಇಳಿದು ಹೋಗಿ ಪಕ್ಕದಲ್ಲಿ ಕೂರುವ ಹಾಗಿರಲಿಲ್ಲ.

ನಮ್ಮ ವಂಶದಲ್ಲಿ ನನಗಿಂತ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ನಾನು ಬಿ.ಎಸ್ಸಿ. ಸೇರುತ್ತೇನೆಂದಾಗ ಚಿಕ್ಕಪ್ಪ ಬಂದು ಕೂತು, "ಹೆಣ್ಣುಡ್ಗೀಗೆ ಕೆಮಿಸ್ಟ್ರಿ ಯಾತಕ್ಕಣ್ಣ? ಥಿನ್ನರ್ ಮನೇಲೇ ಐತಲ್ಲ" ಎಂದು ನಗೆಯಾಡಿದ. ಅಪ್ಪ ಬ್ರಷ್ಷು ತೊಳೆಯುತ್ತ, ತಲೆಯೆತ್ತದೆ, "ಮನೇಲಿರೋದು ಥಿನ್ನರು. ಕೆಮಿಸ್ಟ್ರಿ ಕಾಲೇಜ್ನಾಗೈತೆ. ಅವಳು ಹೋಗ್ತಾಳೆ" ಎಂದ. ಮಾತು ಅಲ್ಲಿಗೆ ಮುಗಿಯಿತು. ಹೇಳುವುದು ಸುಲಭ. ಹೋಗುವುದು ಸುಲಭವಿರಲಿಲ್ಲ. ಬಸ್ಸಿನಲ್ಲಿ ನಿಂತೇ ಓದಿದ್ದು, ಇಂಗ್ಲಿಷ್ ಪುಸ್ತಕದ ಒಂದೊಂದು ಸಾಲಿಗೂ ನಿಘಂಟು ಹುಡುಕಿದ್ದು, ಫೇಲಾದವಳ ಹಾಗೆ ಹಿಂದಿನ ಬೆಂಚಿನಲ್ಲಿ ಕೂತದ್ದು, ಎಲ್ಲ ಇತ್ತು.

ಮೊದಲ ಪ್ರಾಕ್ಟಿಕಲ್ಲಿನ ದಿನ ಮೇಷ್ಟ್ರು ಒಂದು ಬಾಟಲಿ ತೆರೆದು, ಮೂಗಿಟ್ಟು ಮೂಸಬಾರದು, ಕೈಬೀಸಿ ಗಾಳಿಯನ್ನು ಮೂಗಿನ ಕಡೆ ತಂದುಕೊಳ್ಳಬೇಕು ಎಂದು ತೋರಿಸಿ, "ಈ ವಾಸನೆ ಯಾರಿಗಾದರೂ ಗೊತ್ತೇನ್ರಪ್ಪ?" ಎಂದರು. ಇಂಗ್ಲಿಷ್ ಮೀಡಿಯಮ್ಮಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎದ್ದು ನಿಂತು "ಸಾರ್, ನಮ್ಮಪ್ಪ" ಎಂದುಬಿಟ್ಟೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. ಅಪ್ಪನ ಕೆಲಸ ಏನೆಂದು ಕೇಳಿ ತಿಳಿದು, "ಇದು ಅಸಿಟೋನು. ನಿಮ್ಮಪ್ಪನ ಥಿನ್ನರಿನಲ್ಲಿರುವವರಲ್ಲಿ ಇವನೂ ಒಬ್ಬ" ಎಂದರು. ಆ ದಿನ ಅವರು ಒಂದು ಪ್ಲಾಸ್ಟಿಕ್ ತುಂಡಿನ ಮೇಲೆ ಹನಿ ಹಾಕಿ ತೋರಿಸಿದರು, ಗಾಜಿನ ಮೇಲೂ ಹಾಕಿದರು. ಗಾಜು ಇದ್ದಂತೆಯೇ ಇತ್ತು. ಪ್ಲಾಸ್ಟಿಕ್ಕಿನ ಮೇಲೆ ನನ್ನ ಕಣ್ಣೆದುರೇ ಮೋಡ ಕವಿಯಿತು. ಅದನ್ನು ನಾನು ಮೊದಲೇ ನೋಡಿದ್ದೆ. ಯಾಕೆ ಎಂದು ತಿಳಿದದ್ದು ಆವಾಗ. ವಿದ್ಯೆ ಎಂದರೆ ಇದು ಎಂದು ಮೈ ಜುಮ್ಮೆಂದಿತು.

ಮನೆಗೆ ಬಂದು ಬ್ಯಾಗು ಇಳಿಸುವ ಮುಂಚೆ ಹೇಳಿದೆ. "ಅಪ್ಪಾ, ನಿನ್ನ ಕನ್ನಡಕ ಗಾಜಿನದಲ್ಲ, ಪ್ಲಾಸ್ಟಿಕ್ಕು. ಥಿನ್ನರ್ ಅದರ ಮೈ ಕರಗಿಸಿಬಿಡ್ತು."

"ಹಂಗಾರೆ ತಪ್ಪು ನಂದಲ್ಲ ಅನ್ನು. ಸಾಮಾನಿಂದು."

"ತಪ್ಪು ನಿಂದೇ. ಯಾವುದಕ್ಕೆ ಯಾವುದು ಅಂತ ಕೇಳದೆ ಒರೆಸಿದ್ದು ತಪ್ಪು."

ಅಪ್ಪ ನಕ್ಕ. "ಆಯ್ತು ಕಣವ್ವ. ಇನ್ಮೇಲೆ ನಿನ್ನ ಕೇಳೇ ಒರೆಸ್ತೀನಿ."

ಎಂದೂ ಕೇಳಲಿಲ್ಲ. ನಾನು ಎಂ.ಎಸ್ಸಿ. ಮಾಡಿದೆ, ಕೆಲಸ ಹಿಡಿದೆ, ಅಪ್ಪನಿಗೆ ಹೊಸ ಕನ್ನಡಕ ಕೊಡಿಸಿದೆ, ಮದುವೆಯಾದೆ, ಕತಾರಿಗೆ ಬಂದೆ. ಅಪ್ಪ ಗಡಿಯಾರ, ಟಿ.ವಿ., ನಾನು ಕಳಿಸಿದ ಮೊಬೈಲು ಎಲ್ಲವನ್ನೂ ಅದೇ ಹೆಗಲ ಬಟ್ಟೆಯಿಂದ ಒರೆಸುತ್ತಲೇ ಇದ್ದ.

ಕಳೆದ ಚಳಿಗಾಲದ ಶುರುವಿನಲ್ಲಿ ಅಪ್ಪ ವಿಸಿಟ್ ವೀಸಾದ ಮೇಲೆ ದೋಹಾಗೆ ಬಂದ. ಅವ್ವ ವಿಮಾನಕ್ಕೆ ಹೆದರಿ ತನ್ನ ತಂಗಿಯ ಮನೆಯಲ್ಲಿ ಉಳಿದಳು. ಲಾರಿಗಳಿಗೆ ಈಗ ಸ್ಟಿಕ್ಕರ್ ಅಂಟಿಸುತ್ತಾರೆ, ಶೆಡ್ಡಿನಲ್ಲಿ ಕೆಲಸ ಕಡಿಮೆ. ಏರ್‌ಪೋರ್ಟಿನಿಂದ ಮನೆಗೆ ಬರುವಾಗ ಕಿಟಕಿಗೆ ಹಣೆ ಆನಿಸಿಕೊಂಡು ಕೂತಿದ್ದವನು ರಸ್ತೆಯ ಕಡೆ ಬೆರಳು ತೋರಿಸಿದ. "ಎಲ್ಲಾ ಗಾಡೀನೂ ಬಿಳೀದೇ. ಒಂದ್ರ ಮ್ಯಾಲೂ ಒಂದ್ ಅಕ್ಸರ ಇಲ್ಲ. ಯಾರ್ ಗಾಡಿ ಅಂತ ಹೆಂಗೆ ಗೊತ್ತಾಯ್ತದೆ ಇವರಿಗೆ?"

ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವ ಹತ್ತಿರವಿತ್ತು. ವೇದಿಕೆಯ ದೊಡ್ಡ ಫಲಕವನ್ನು ಪ್ರತಿ ವರ್ಷ ಪ್ರಿಂಟ್ ಮಾಡಿಸುತ್ತಾರೆ, ಪ್ರತಿ ವರ್ಷ ಆ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರಗಳೆಲ್ಲ ಉದುರಿಬಿದ್ದಿರುತ್ತವೆ. ಅಪ್ಪನ ಕೆಲಸ ತಿಳಿದ ಸ್ಟ್ಯಾನಿ ಕುಣಿದುಬಿಟ್ಟ. "ಇನ್ನೆಂತ ಬೇಕು ಮಾರಾಯ್ರೆ! ಅಪ್ಪನೇ ಬರೀಲಿ. ಕೈಯಲ್ಲಿ ಬರೆದ ಬೋರ್ಡ್ ಕತಾರಲ್ಲಿ ಯಾರ ಹತ್ರ ಉಂಟು?"

ಅಪ್ಪನ ಬೆನ್ನು ಇದ್ದಕ್ಕಿದ್ದಂತೆ ನೆಟ್ಟಗಾಯಿತು. ಬಣ್ಣದಂಗಡಿಗೆ ತಾನೇ ಬಂದು ಡಬ್ಬಿ ಅಲ್ಲಾಡಿಸಿ, ಮುಚ್ಚಳ ಮೂಸಿ ಆರಿಸಿದ. ಥಿನ್ನರನ್ನೂ.

ಕಾರ್ಯಕ್ರಮ ಇದ್ದ ಶುಕ್ರವಾರದ ಬೆಳಿಗ್ಗೆ ನಮ್ಮ ಕಟ್ಟಡದ ತಾರಸಿಯ ಮೇಲೆ ಹಲಗೆ ಮಲಗಿಸಿಕೊಂಡು ಅಪ್ಪ ಕೂತ. ಎಳೆ ಬಿಸಿಲು, ಹಿತವಾದ ಗಾಳಿ. "ಕನ್ನಡ" ಮುಗಿದು "ರಾಜ್ಯೋ" ತನಕ ಬಂದಿತ್ತು. ಸ್ಟ್ಯಾನಿ ಕ್ಯಾಮೆರಾ ಹಿಡಿದು ಹೊಟ್ಟೆಯ ಮೇಲೆ ಮಲಗಿಬಿಟ್ಟಿದ್ದ. "ಅಪ್ಪಾ, ನನ್ನ ನೋಡ್ಬೇಡಿ. ಬ್ರಷ್ ನೋಡಿ. ಹಾಂ, ಹಾಗೇ" ಎನ್ನುತ್ತ ತೆವಳಿ ತೆವಳಿ ಬಣ್ಣದ ಡಬ್ಬಿಯ ಹತ್ತಿರಕ್ಕೇ ಹೋದ. ಬ್ರಷ್ಷಿನ ಹೆಚ್ಚಿನ ಬಣ್ಣವನ್ನು ಮಣಿಕಟ್ಟಿನಿಂದ ಒಮ್ಮೆ ಕೊಡವುವುದು ಅಪ್ಪನ ಅಭ್ಯಾಸ. ಕೊಡವಿದ. ಕೆಂಪು ಹನಿಗಳು ಸಾಲಾಗಿ ಹೋಗಿ ಲೆನ್ಸಿನ ಮುಖದ ಮೇಲೆ ಕೂತವು.

"ಅಯ್ಯೋ ಸಾರ್" ಎಂದವನೇ ಅಪ್ಪ ಹೆಗಲಿಗೆ ಕೈ ಹಾಕಿದ.

"ಅಪ್ಪಾ, ತಡಿ!" ಎಂದು ನಾನು ಕೂಗುವಷ್ಟರಲ್ಲಿ ಒರೆಸಿ ಮುಗಿದಿತ್ತು.

ಆ ಬಟ್ಟೆಯಲ್ಲಿ ಬೆಳಗಿನಿಂದ ಬಳಸಿದ ಬಣ್ಣಗಳೆಲ್ಲ ಇದ್ದವು. ನಾಲ್ಕು ಕೆಂಪು ಹನಿಗಳಿದ್ದ ಕಡೆ ಈಗ ಗಾಜಿನ ತುಂಬ ಕೊಚ್ಚೆಯ ಬಣ್ಣದ ಲೇಪ. ಫಿಲ್ಟರಿನ ಸುತ್ತಿನ ಉಂಗುರದ ಮೇಲೆ ಬಿಳಿಯಲ್ಲಿ ಅಚ್ಚಾಗಿದ್ದ ಅಕ್ಷರ, ಅಂಕಿಗಳೆಲ್ಲ ಕರಗಿ ಮಾಯ. ಸ್ಟ್ಯಾನಿ ಎದ್ದು ಕೂತು, ಒಮ್ಮೆ ಕ್ಯಾಮೆರಾ ನೋಡಿ, ಒಮ್ಮೆ ಆಕಾಶ ನೋಡಿ, "ಖಲಾಸ್" ಎಂದ. ಅಷ್ಟೇ.

ಅಪ್ಪ ಬ್ರಷ್ಷು ಕೆಳಗಿಟ್ಟ. "ಪ್ರಿಂಟ್ ಮಾಡಿಸ್ಕಳ್ರಿ ಸಾರ್. ನನ್ ಕೈ ನೆಟ್ಟಗಿಲ್ಲ" ಎಂದು ಎದ್ದು ಹೋಗಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡ.

ಅದೇ ಭಂಗಿ. ನನಗೆ ಚಿಂತೆಯಾದದ್ದು ಲೆನ್ಸಿನದಲ್ಲ. ಇವನನ್ನು ಹೀಗೆಯೇ ವಿಮಾನ ಹತ್ತಿಸಿ ಕಳಿಸಿದರೆ ಊರಿಗೆ ಹೋಗಿಯೂ ಮತ್ತೆ ಬ್ರಷ್ಷು ಹಿಡಿಯುವುದಿಲ್ಲ ಎನ್ನಿಸಿತು. ಆದರೆ ಈ ಸಲ ನಡುವೆ ಹಸಿ ಬಣ್ಣದ ಬಾಗಿಲಿರಲಿಲ್ಲ. ಈ ಸಲ ನಾನು ಎಂ.ಎಸ್ಸಿ.

"ಸ್ಟ್ಯಾನಿ, ಫಿಲ್ಟರ್ ಗಾಜಿನದಾ, ಪ್ಲಾಸ್ಟಿಕ್ಕಾ?"

"ನನಗೆ ಎಂತ ಗೊತ್ತು ಅಕ್ಕ? ಉಂಗುರದ ಮೇಲೆ ಬರೆದಿತ್ತು."

ಉತ್ತರ ಬರೆದಿದ್ದ ಅಕ್ಷರಗಳನ್ನೇ ಅಪ್ಪ ಅಳಿಸಿದ್ದ. ಫಿಲ್ಟರ್ ಬಿಚ್ಚಲು ನೋಡಿದರೆ ಬಣ್ಣ ತಿರುಪಿಗೆ ಇಳಿದು ಅಂಟಿಕೊಂಡಿತ್ತು. ಮನೆಗೆ ಓಡಿ ಕೊತ್ತಂಬರಿ ಕಟ್ಟಿಗೆ ಸುತ್ತಿದ್ದ ರಬ್ಬರ್ ಬ್ಯಾಂಡುಗಳನ್ನು ತಂದು ಉಂಗುರಕ್ಕೆ ಬಿಗಿದೆ. ಹಿಡಿತ ಸಿಕ್ಕಿತು. ಮೆಲ್ಲಗೆ ತಿರುಗಿಸಿದೆ, ಬಿಟ್ಟುಕೊಂಡಿತು. ಒಳಗೆ ಲೆನ್ಸು ಏನೂ ಅರಿಯದ ಮಗುವಿನ ಹಾಗೆ ತಣ್ಣಗೆ ಹೊಳೆಯುತ್ತಿತ್ತು.

"ದೇವರು ದೊಡ್ಡವ!" ಸ್ಟ್ಯಾನಿಗೆ ಜೀವ ಬಂತು. "ಫಿಲ್ಟರ್ ಹೋದ್ರೆ ಹೋಗ್ಲಿ ಅಪ್ಪಾ, ಸಂಜೆ ಫೋಟೋಕ್ಕೆ ಏನೂ ತೊಂದ್ರೆ ಇಲ್ಲ. ಬನ್ನಿ, ಬೋರ್ಡ್ ಮುಗಿಸುವ."

ಅಪ್ಪ ಅಲ್ಲಾಡಲಿಲ್ಲ. "ಹಾಳ್ ಮಾಡಿದ್ದು ಮಾಡಿದ್ದೇ ಅಲ್ವಾ ಸಾರ್" ಎಂದ.

ಹಾಗಾಗಿ ಆ ಫಿಲ್ಟರ್ ಉಳಿಯಲೇಬೇಕಿತ್ತು. ಸ್ಟ್ಯಾನಿಗೆ ಬೇಡವಾಗಿತ್ತು, ನನಗೆ ಬೇಕಾಗಿತ್ತು. ಉಗುರಿನಿಂದ ತಟ್ಟಿದೆ. ಟಿಣ್ ಎಂದಿತು. ಅಂಚಿನಲ್ಲಿ ಲೇಪ ತಾಗದ ಒಂದು ಚೂರು ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಎದುರು ಕಟ್ಟಡದ ಕಿಟಕಿ ಅದರಲ್ಲಿ ಅಲುಗದೆ, ಸುಕ್ಕಿಲ್ಲದೆ ಪ್ರತಿಬಿಂಬಿಸಿತು. ಗಾಜು! ಗಾಜನ್ನು ಥಿನ್ನರ್ ಏನೂ ಮಾಡಲಾರದು. ಮೇಲಿರುವುದು ಬರಿಯ ಬಣ್ಣ, ಬಣ್ಣವನ್ನು ಬಿಡಿಸಲು ಅಸಿಟೋನು ಸಾಕು. ಆದರೆ ಅಸಿಟೋನ್ ಮನೆಯಲ್ಲಿರಲಿಲ್ಲ. ಲ್ಯಾಬಿನಿಂದ ಒಂದು ತೊಟ್ಟೂ ಹೊರಗೆ ತರುವಂತಿಲ್ಲ, ತರುವವಳೂ ನಾನಲ್ಲ. ಮಹೇಶರನ್ನು ಬ್ಯೂಟಿ ಪಾರ್ಲರ್ ಸಾಮಾನಿನ ಅಂಗಡಿಗೆ ಓಡಿಸಿದೆ. ಸ್ವಲ್ಪ ಹೊತ್ತಿಗೆ ಫೋನು.

"ಸ್ಟ್ರಾಬೆರಿ ವಾಸನೇದು ಇದೆ, ನಿಂಬೆಹಣ್ಣಿಂದು ಇದೆ. ಯಾವ್ದು ತರ್ಲಿ?"

"ಯಾವ ವಾಸನೇದೂ ಬೇಡ. ಎಣ್ಣೆ, ಬಣ್ಣ, ಸೆಂಟು ಏನೂ ಇರಬಾರ್ದು. ಪ್ಯೂರ್ ಅಸಿಟೋನ್ ಅಂತ ಕೇಳಿ."

"ಬೇಗ ಹೇಳು ಮಾರಾಯ್ತಿ, ಅಂಗಡಿಯವಳು ನನ್ನ ಉಗುರನ್ನೇ ನೋಡ್ತಿದ್ದಾಳೆ."

ಬಾಟಲಿ ಬಂತು. ಕೈಗವಸು ಹಾಕಿಕೊಂಡೆ. ಏನು ಗಲಾಟೆ ಎಂದು ಸಿಗರೇಟು ಹಿಡಿದು ಮೇಲೆ ಬಂದ ಕಟ್ಟಡದ ಕಾವಲುಗಾರನನ್ನು ಸ್ಟ್ಯಾನಿ ಎರಡೂ ಕೈ ಅಡ್ಡ ಹಿಡಿದು "ಭಾಯ್, ಸಿಗ್ರೇಟ್ ಮಾಫಿ, ಮಾಫಿ! ಯಲ್ಲಾ, ನೀಚೆ!" ಎಂದು ತನಗೆ ಬಂದ ಅರಬ್ಬಿ-ಹಿಂದಿಯಲ್ಲಿ ಸಿಗರೇಟು ಬೇಡವೇ ಬೇಡವೆಂದು ತಿಳಿಸಿ ಕೆಳಗಿಳಿಸಿದ. ಕ್ಯಾಮೆರಾವನ್ನು ದೂರ ಇಡಿಸಿದೆ, ಅದರ ಮೈಯೆಲ್ಲ ಪ್ಲಾಸ್ಟಿಕ್ಕು. ಮೊದಲು ರಬ್ಬರ್ ಬುಗ್ಗೆಯಿಂದ ಗಾಳಿ ಊದಿ ಧೂಳು ಹಾರಿಸಿದೆ. ಆಮೇಲೆ ಎಳೆ ಉದುರದ ಟಿಶ್ಯೂ ಮಡಿಸಿ, ತುದಿಗೆ ಒಂದೇ ಹನಿ ಅಸಿಟೋನ್ ಮುಟ್ಟಿಸಿ, ಗಾಜಿನ ನಡುವಿನಿಂದ ಅಂಚಿಗೆ ಸುತ್ತುತ್ತ ಬಂದೆ. ಒತ್ತಲಿಲ್ಲ, ಉಜ್ಜಲಿಲ್ಲ. ಟಿಶ್ಯೂ ಕಂದಾಯಿತು. ಎಸೆದು ಇನ್ನೊಂದು ತೆಗೆದೆ.

ಹಿಂದಿನಿಂದ ಬಕೆಟ್ ಎಳೆದ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ.

"ನಡುವಿಂದ ಯಾಕೆ ಶುರು ಮಾಡ್ತೀಯ?" ಅಪ್ಪನ ದನಿ.

"ಅಂಚಿನ ಕೊಳೆ ನಡುವಿಗೆ ಬರಬಾರ್ದು ಅಂತ."

ಬಕೆಟ್ ಇನ್ನೂ ಸ್ವಲ್ಪ ಹತ್ತಿರ ಬಂತು. "ಒಂದ್ ಸರ್ತಿ ಒರಸಿದ್ ಕಾಗ್ದನ ಮತ್ ಮುಟ್ಟಲ್ವಾ?"

"ಇಲ್ಲಪ್ಪ. ಅದರಲ್ಲೇ ಒರೆಸಿದ್ರೆ ತೆಗೆದದ್ದನ್ನೇ ಮತ್ತೆ ಬಳಿದ ಹಾಗೆ."

ಅಪ್ಪ ತನ್ನ ಹೆಗಲ ಬಟ್ಟೆಯನ್ನು ತೆಗೆದು, ಬಿಡಿಸಿ, ಎರಡೂ ಕಡೆ ನೋಡಿದ. "ಇದ್ರಾಗೆ ಇಡೀ ಬೋರ್ಡೇ ಐತೆ" ಎಂದ. ಸ್ಟ್ಯಾನಿ ಕಿಸಕ್ಕೆಂದ. ಅಪ್ಪನ ಮೂಗಿನ ಮೇಲೆ ಕನ್ನಡಕ ವಾಪಸು ಬಂದಿತ್ತು.

ಬಣ್ಣವೆಲ್ಲ ಹೋದ ಮೇಲೆ ಉಳಿದ ಮಸುಕಿಗೆ ನನ್ನ ಕಂದು ಬಾಟಲಿ. ಆಲ್ಕೋಹಾಲ್ ಒಂದು ಸುತ್ತು, ಒಣ ಟಿಶ್ಯೂ ಒಂದು ಸುತ್ತು. ಅಂಚು ಹಿಡಿದು ಆಕಾಶಕ್ಕೆ ಎತ್ತಿದೆ. ಉಂಗುರದೊಳಗೆ ಏನೂ ಇಲ್ಲವೇನೋ ಎಂಬಷ್ಟು ನಿಚ್ಚಳ. ಹೆಮ್ಮೆ ಪಡಬಾರದು ಎನ್ನುವವರು ಪಡದಿರಲಿ, ನಾನು ಪಟ್ಟೆ. ಅಪ್ಪನ ಮುಖದ ಮುಂದೆ ಹಿಡಿದೆ. ಅವನು ಅದರೊಳಗಿಂದ ದೂರದ ಎತ್ತರದ ಕಟ್ಟಡಗಳನ್ನು ನೋಡಿದ, ಟ್ಯಾಂಕು ನೋಡಿದ, ನನ್ನನ್ನು ನೋಡಿದ.

"ಗಾಜು ಐತೇನೇ ಇದ್ರಾಗೆ?" ಎಂದು ಬೆರಳು ಚಾಚಿದ.

"ಬೆರಳು!" ನಾನೂ ಸ್ಟ್ಯಾನಿಯೂ ಒಟ್ಟಿಗೆ ಕಿರುಚಿದೆವು.

ಬೆರಳು ಗಾಳಿಯಲ್ಲೇ ನಿಂತಿತು. "ಮುಟ್ಟಲ್ಲ ಕಣ್ರಪ್ಪ" ಎಂದು ನಕ್ಕ ಅಪ್ಪ, ನಗುತ್ತಲೇ ಉಂಗುರವನ್ನು ನೋಡಿ ಗಂಭೀರನಾದ. "ಅಕ್ಸರ ಎಲ್ಲಾ ಹೋಗ್ಬುಟ್ಟವೆ. ಏನ್ ಬರ್ದಿತ್ತು ಸಾರ್ ಇಲ್ಲಿ?"

"ಎಂತದೋ ಕಂಪೆನಿ ಹೆಸರು. ಹೋಗ್ಲಿ ಬಿಡಿ ಅಪ್ಪ."

"ಬಿಡೋದೆಂಗೆ? ಅಳಿಸಿದೋನು ನಾನು, ಬರೆಯೋನೂ ನಾನೇ. ನಿಮ್ಮೆಸ್ರು ಬರೀಲಾ?"

ಪೆಟ್ಟಿಗೆಯಿಂದ ಅತಿ ಸಣ್ಣ ಬ್ರಷ್ಷು ತೆಗೆದ, ಹುಲಿಯ ಮೀಸೆ ಬರೆಯುವಂಥದು. ಬಿಳಿ ಬಣ್ಣದಲ್ಲಿ ಅದ್ದಿದ. ಉಂಗುರದ ಹತ್ತಿರ ತಂದ. ತಂದವನು ಮುಟ್ಟಿಸಲಿಲ್ಲ. ಬ್ರಷ್ಷನ್ನು ಹಾಗೆಯೇ ಹಿಡಿದುಕೊಂಡು ತಲೆಯೆತ್ತಿ ನನ್ನನ್ನು ನೋಡಿದ.

"ಮಗಾ, ಈ ಉಂಗ್ರ ಲೋಹನೋ, ಪ್ಲಾಸ್ಟಿಕ್ಕೋ?"

ಶಿರಾದ ಆ ಸಂಜೆ ಕೊಟ್ಟ ಮಾತು. ಉಂಗುರವನ್ನು ಉಗುರಿನಿಂದ ತಟ್ಟಿ ನೋಡಿದೆ. "ಲೋಹ ಅಪ್ಪ. ಬರಿ."

ಅಪ್ಪ ಉಸಿರು ಬಿಗಿಹಿಡಿದು ಬರೆದ. "ಸ್ಟ್ಯಾನಿ, ಶಿರ್ವ". ಅಕ್ಷರ ಎಳ್ಳಿನಷ್ಟು, ಒತ್ತಕ್ಷರವೂ ಸೇರಿ ಒಂದೂ ಉದುರದ ಹಾಗೆ. ಅದು ಒಣಗುವ ಮುಂಚೆ ಎದ್ದು ಹೋಗಿ ಹಲಗೆಯ ಮುಂದೆ ಕೂತು "ರಾಜ್ಯೋ" ಎಂದು ನಿಂತಿದ್ದ ಬೋರ್ಡನ್ನು ಮುಗಿಸಿದ. ಸಂಜೆ ಕಾರ್ಯಕ್ರಮಕ್ಕೆ ಬಂದವರು ವೇದಿಕೆಯ ಮೇಲಿನ ಭಾಷಣಕ್ಕಿಂತ ಫಲಕವನ್ನೇ ಹೆಚ್ಚು ನೋಡಿದರು. ಸ್ಟ್ಯಾನಿಯಂತೂ ಫೋಟೋ ತೆಗೆಯುವುದಕ್ಕಿಂತ ತನ್ನ ಲೆನ್ಸಿನ ಉಂಗುರ ತೋರಿಸಿಕೊಂಡು ತಿರುಗಿದ್ದೇ ಹೆಚ್ಚು. ಫಲಕದ ಮುಂದೆ ಅಪ್ಪ ನಿಂತ ಒಂದು ಫೋಟೋ ಇದೆ. ತುಂಬ ಸ್ಪಷ್ಟವಾಗಿ ಬಂದಿದೆ. ಕನ್ನಡಕದ ಮೇಲೆ ಒಂದು ಕೆಂಪು ಹನಿ ಒರೆಸದೆ ಹಾಗೆಯೇ ಇರುವುದೂ ಕಾಣುತ್ತದೆ.

ಮನೆಗೆ ಬಂದ ಮೇಲೆ ಆ ಕನ್ನಡಕವನ್ನು ತೆಗೆದು ನನ್ನ ಕೈಗೆ ಕೊಟ್ಟ. ಇದು ಪ್ಲಾಸ್ಟಿಕ್ಕು, ಹನಿಯೂ ಮೇಲೆ ಕೆನೆಗಟ್ಟಿದ್ದರೂ ಒಳಗೆ ಇನ್ನೂ ಹಸಿ. ಸೋಪಿನ ನೀರಿನಲ್ಲಿ ನೆನೆಸಿ ತಾಳ್ಮೆಯಿಂದ ಬಿಡಿಸಿಕೊಟ್ಟೆ.

ಊರಿಗೆ ಹೊರಡುವ ಹಿಂದಿನ ದಿನ ಅಪ್ಪ ಕಂದು ಬಾಟಲಿಯನ್ನು ಕೇಳಿ ತೆಗೆದುಕೊಂಡು ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ. ನಾನು ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಬಾಟಲಿ ಕಪಾಟಿನಲ್ಲಿ ಒಣಗುತ್ತಿತ್ತು. ಈಗ ಹೇಳುತ್ತೇನೆ. ಮೇಲೆ ದೊಡ್ಡದಾಗಿ, "ಮಂಜುಳಾ ಎಂ.ಎಸ್ಸಿ." ಅದರ ಕೆಳಗೆ, ಲಾರಿಗಳಲ್ಲಿ ಹಾರ್ನ್ ಮಾಡಿ ಎಂದು ಇರುತ್ತದಲ್ಲ ಆ ಜಾಗದಲ್ಲಿ, "ಒರೆಸುವ ಮುನ್ನ ನನ್ನ ಮಗಳನ್ನು ಕೇಳಿ". ಮೂಲೆಯಲ್ಲಿ ಕಡಲೆಕಾಳಿನಷ್ಟು, "ರಂಗಣ್ಣ ಆರ್ಟ್ಸ್, ಶಿರಾ".

ಗಟ್ಟಿಯಾಗಿ ಒಣಗಿದ ಇನಾಮೆಲ್ಲನ್ನು ಈ ದ್ರವ ಒಂದು ಹನಿ ತಾಗಿದ ಮಾತ್ರಕ್ಕೆ ಏನೂ ಮಾಡುವುದಿಲ್ಲ. ಓದಿದವಳು, ನನಗದು ಚೆನ್ನಾಗಿ ಗೊತ್ತು. ಆದರೂ ಬಗ್ಗಿಸುವಾಗಲೆಲ್ಲ ಬಾಟಲಿಯ ಬೆನ್ನು ಕೆಳಗೆ, ಅಕ್ಷರ ಮೇಲೆ ಬರುವ ಹಾಗೆ ಹಿಡಿದೇ ಬಗ್ಗಿಸುತ್ತೇನೆ.